ಹೋಲಿ ಲ್ಯಾಂಡ್ ಪ್ಯಾಕೇಜ್ ಪ್ರವಾಸ: ಮೊಣಕಾಲು ನೋವಿನವಳು ಬರೆದ ವಿಮರ್ಶೆ

ಬೆಂಗಳೂರಿನಿಂದ ಹೊರಡುವ ಹೋಲಿ ಲ್ಯಾಂಡ್, ಅಂದರೆ ಯೇಸು ಓಡಾಡಿದ ಇಸ್ರೇಲ್-ಪ್ಯಾಲೆಸ್ಟೀನ್ ನಾಡಿನ ಪ್ಯಾಕೇಜಿಗೆ ದುಡ್ಡು ಕಟ್ಟಬಹುದೋ ಬೇಡವೋ ಅಂತ ನಮ್ಮ ಚರ್ಚಿನ ಸಭೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನಾನು ಮತ್ತು ನನ್ನ ವಾರಗಿತ್ತಿ 2023ರ ಫೆಬ್ರವರಿಯಲ್ಲಿ ಹೋಗಿಬಂದೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾಗಿ ಪ್ರವಾಸಗಳೆಲ್ಲ ನಿಂತವು. ಈಗ ಮತ್ತೆ ವಾಟ್ಸಾಪಿನಲ್ಲಿ ಒಂಟೆಯ ಚಿತ್ರ ಹಾಕಿದ ಜಾಹೀರಾತುಗಳು ಓಡಾಡುತ್ತಿವೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಹಾಕಿದರೂ ಪ್ರಯೋಜನವಿಲ್ಲ, ಇವರೆಲ್ಲರ ಕಾರ್ಯಕ್ರಮಪಟ್ಟಿ ಒಂದೇ ಅಚ್ಚಿನದು.

ನನ್ನ ಪರಿಚಯ ಎರಡು ಮಾತಿನಲ್ಲಿ. ಸರ್ಜಿಕಲ್ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಹೀಗಾಗಿ ಮೊಣಕಾಲು ಹೋಗಿದೆ. ಧಾರವಾಡದ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಕಡೆ ಬಂದರಲ್ಲ, ಅವರ ಕೈಯಲ್ಲಿ ನಂಬಿಕೆ ಕಲಿತ ಮನೆತನ. ನಮ್ಮ ದೇವಾಲಯದಲ್ಲಿ ಬರಿ ಗೋಡೆ, ಒಂದು ಶಿಲುಬೆ, ಮರದ ಬೆಂಚು. ಅಲ್ಲಿಂದ ಹೋಗಿ ಒಮ್ಮೆಲೇ ಆ ದೀಪ, ಧೂಪ, ಚಿನ್ನದ ಪಟಗಳ ನಡುವೆ ನಿಂತರೆ ತಲೆ ಗಿರ್ ಅನ್ನುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಇದು ಬಗ್ಗುವ ಪ್ರವಾಸ ಎಂಬುದನ್ನು ಮಾತ್ರ ಕಂಪನಿಯವರು ಕರಪತ್ರದಲ್ಲಿ ಬರೆಯುವುದಿಲ್ಲ. ಬಾಗಿಲಲ್ಲಿ ಬಗ್ಗಬೇಕು, ಗುಹೆಗೆ ಇಳಿಯಬೇಕು, ಗೋರಿಯೊಳಗೆ ತಲೆ ತಗ್ಗಿಸಿ ನುಗ್ಗಬೇಕು. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯ ಬಾಯಿಪಾಠ ಮಾಡಿಸಿದ್ದರು. ಕ್ರಿಸ್ತನು ದೇವರ ಸ್ವರೂಪದಲ್ಲಿದ್ದವನು, ಅದನ್ನು ಬಿಗಿಹಿಡಿದುಕೊಳ್ಳದೆ ತನ್ನನ್ನು ಬರಿದು ಮಾಡಿಕೊಂಡ, ದಾಸನಾದ, ಶಿಲುಬೆಯ ಮರಣದ ತನಕ ಇಳಿದ. ದೇವರು ಅವನನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿದ. ಮೊದಲು ಇಳಿದ, ಆಮೇಲೆ ಏರಿದ. ಮೆಟ್ಟಿಲಿನ ಲೆಕ್ಕದ ಹಾಗೆ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ನಾಡಿನ ಕಲ್ಲುಗಳು ಆ ಲೆಕ್ಕ ಒಪ್ಪುವುದಿಲ್ಲ. ಒಂದೊಂದು ಜಾಗದಲ್ಲಿ ನಾನು ನೋಡಿದ್ದು ಅದನ್ನೇ.

ಮೊದಲು ಬಸ್ಸಿನ ಸಂಗತಿ ಮುಗಿಸುತ್ತೇನೆ. ಜನ ಕೂಡಿಸಿಕೊಂಡು ಬಂದ ಅಯ್ಯನವರಿಗೆ (ಪಾಸ್ಟರಿಗೆ) ಕಂಪನಿಯವರು ಟಿಕೆಟ್ ಪುಕ್ಕಟೆ ಕೊಡುತ್ತಾರೆ. ನಮ್ಮ ಬಸ್ಸಿನಲ್ಲಿ ಅಂಥವರು ಇಬ್ಬರು ಮೂವರು ಇದ್ದರು. ಮುಂದಿನ ಸೀಟುಗಳು ಅವರಿಗೆ. ಅದರ ಹಿಂದಿನ ಸಾಲಿಗೆ ದಿನಾ ಬೆಳಿಗ್ಗೆ ಕರ್ಚೀಫು ಹಾಕುವ ಸ್ಪರ್ಧೆ. ಶಿಷ್ಯರಾದ ಜೆಬೆದಾಯನ ಮಕ್ಕಳು ಯಾಕೋಬ, ಯೋಹಾನ ಇಬ್ಬರೂ ಯೇಸುವಿನ ಹತ್ತಿರ ಬಂದು, ನಿನ್ನ ಮಹಿಮೆಯಲ್ಲಿ ಒಬ್ಬ ಬಲಕ್ಕೆ ಒಬ್ಬ ಎಡಕ್ಕೆ ಕೂತುಕೊಳ್ಳುತ್ತೇವೆ ಅಂತ ಸೀಟು ಕೇಳಿದ್ದು ಇದೇ ದಾರಿಯಲ್ಲಿ, ಯೆರೂಸಲೇಮಿಗೆ ಹೋಗುವಾಗಲೇ. ಮೂರನೆಯ ದಿನ ಗೈಡ್ ಆ ಕಥೆ ಮೈಕಿನಲ್ಲಿ ಓದಿದ. ಬೇಕೆಂದೇ ಓದಿದನೋ, ಕಾರ್ಯಕ್ರಮದಲ್ಲಿ ಇತ್ತೋ, ಮುಖ ನೋಡಿ ತಿಳಿಯಲಿಲ್ಲ. ಕರ್ಚೀಫುಗಳು ಮರುದಿನವೂ ಇದ್ದವು.

ಗೈಡ್ ಬೇತ್ಲೆಹೇಮಿನ ಪಕ್ಕದ ಬೇತ್ ಸಹೂರ್ ಊರಿನ ಅರಬ್ ಕ್ರೈಸ್ತ. ಕ್ರೈಸ್ತರೆಂದರೆ ಬಿಳಿಯರು ಅಂತ ತಿಳಿದ ನಮ್ಮ ಕೆಲವರಿಗೆ ಅವನ ತಾತಮುತ್ತಾತಂದಿರ ಕಾಲದ ನಂಬಿಕೆ ಕೇಳಿ ಆಶ್ಚರ್ಯ. ಈ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಕ್ಕಿದ್ದು ಅವನೊಬ್ಬನಿಂದ.

ಜೋರ್ಡನ್ ದೇಶದ ಅಮ್ಮಾನ್‌ನಲ್ಲಿ ಇಳಿದು, ನೆಬೋ ಬೆಟ್ಟ ನೋಡಿ, ಅಲೆನ್‌ಬಿ ಸೇತುವೆ ದಾಟಿ ಹೋಗುವುದು ಸಾಮಾನ್ಯ ದಾರಿ. ಗಡಿಯಲ್ಲಿ ಕಾಯುವುದು ಬಹಳ. ಬಿಸ್ಕೀಟು ಇಟ್ಟುಕೊಳ್ಳಿ. ಅಷ್ಟೇ.

ಯೊರ್ದನ್ ಹೊಳೆಯ ದೀಕ್ಷಾಸ್ನಾನದ ಜಾಗಕ್ಕೆ ಎರಡು ಹೆಸರು ಕೇಳುತ್ತೀರಿ. ಗಲಿಲಾಯದ ಯಾರ್ದೆನಿಟ್‌ನಲ್ಲಿ ನೀರು ತಿಳಿ, ಮೆಟ್ಟಿಲು ಚೆಂದ, ಅಂಗಡಿ ದೊಡ್ಡದು. ಯೆರಿಕೋ ಹತ್ತಿರದ ಕಸ್ರ್ ಅಲ್ ಯಹೂದ್ ಹಾಗಲ್ಲ. ಎರಡೂ ಬದಿಯ ಹೊಲಗಳಲ್ಲಿ ನೆಲಬಾಂಬುಗಳಿದ್ದ ಜಾಗ ಅದು, 2011ರಲ್ಲಿ ಜನರಿಗೆ ಖಾಯಂ ತೆರೆದದ್ದು. ನಿಮ್ಮ ಕಂಪನಿ ಎರಡರಲ್ಲಿ ಒಂದು ಆರಿಸಿ ಅಂದರೆ ಯೆರಿಕೋದ್ದೇ ಆರಿಸಿ. ಯೆರೂಸಲೇಮಿನಿಂದ ಬಸ್ಸು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ರಸ್ತೆ ಪಕ್ಕ ‘ಸಮುದ್ರಮಟ್ಟ’ ಅಂತ ಫಲಕ ಬರುತ್ತದೆ. ಸರಿ, ಇನ್ನೇನು ಸಮುದ್ರ ಬಂತು ಅಂದುಕೊಂಡರೆ ಬಸ್ಸು ಅಲ್ಲಿಂದಲೂ ಕೆಳಗೇ ಹೋಗುತ್ತದೆ. ಕಿವಿ ಮುಚ್ಚಿಕೊಳ್ಳುತ್ತದೆ. ಹೊಳೆ ಇರುವುದು ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ 400 ಮೀಟರ್ ಕೆಳಗೆ. ಭೂಮಿಯ ಮೇಲೆ ಇದಕ್ಕಿಂತ ತಗ್ಗಿನಲ್ಲಿ ಹರಿಯುವ ಹೊಳೆ ಇಲ್ಲ. ಪಾಪವಿಲ್ಲದ ಯೇಸು ಪಾಪಿಗಳ ಸಾಲಿನಲ್ಲಿ ನಿಂತು ಸ್ನಾನ ಮಾಡಿಸಿಕೊಳ್ಳಲು ಬಂದದ್ದು ಇಲ್ಲಿಗೆ. ಬೇಡವೆಂದು ತಡೆದ ಸ್ನಾನಿಕ ಯೋಹಾನನನ್ನು ಒಪ್ಪಿಸಿ ನೀರಿಗಿಳಿದ. ಆಕಾಶ ತೆರೆದು ‘ಇವನು ನನ್ನ ಪ್ರಿಯ ಮಗನು’ ಎಂಬ ಧ್ವನಿ ಬಂದದ್ದೂ ಇಲ್ಲಿಗೇ. ಅದಕ್ಕೆ ಬೆಟ್ಟದ ತುದಿ ಆರಿಸಬಹುದಿತ್ತು.

ನೀರು ಮಳೆಗಾಲದ ಹಳ್ಳದ ಬಣ್ಣ. ಅಗಲ ಎಷ್ಟು ಕಡಿಮೆಯೆಂದರೆ ಎದುರು ದಡದಲ್ಲಿ ಜೋರ್ಡನ್ ದೇಶದ ಯಾತ್ರಿಕರು ಹಾಡುವ ಸಾಲು ಕೂಡ ಕೇಳಿಸುತ್ತದೆ. ಎರಡೂ ಕಡೆ ಬಂದೂಕು ಹಿಡಿದವರು. ನಮ್ಮ ಗುಂಪಿನ ಇಂಜಿನಿಯರೊಬ್ಬರು ‘ಇಷ್ಟೇನಾ?’ ಅಂದರು. ನನಗೆ ಇಷ್ಟೇ ಇದ್ದದ್ದು ಬಹಳ ಹಿಡಿಸಿತು.

ಬೇತ್ಲೆಹೇಮಿಗೆ ಹೋಗಲು ಎತ್ತರದ ಕಾಂಕ್ರೀಟ್ ಗೋಡೆ ದಾಟಬೇಕು. ವಿದೇಶಿ ಪಾಸ್‌ಪೋರ್ಟಿನವರ ಬಸ್ಸು ಸುಲಭಕ್ಕೆ ದಾಟುತ್ತದೆ, ಅಲ್ಲಿಯ ಜನರಿಗೆ ಹಾಗಲ್ಲ. ಯೇಸು ಹುಟ್ಟಿದ ಜಾಗ ಅಂತ ನಂಬುವ ಜನನ ದೇವಾಲಯದ ಮುಂದೆ ಬಂದು ನಿಂತಾಗ ಅಷ್ಟು ದೊಡ್ಡ ಕಟ್ಟಡಕ್ಕೆ ಬಾಗಿಲೇ ಇಲ್ಲವಲ್ಲ ಅನಿಸಿತು. ಆಮೇಲೆ ಕಂಡಿತು: ಗೋಡೆಯಲ್ಲಿ ಒಂದು ಕಿಂಡಿ, ಸುಮಾರು ನಾಲ್ಕು ಅಡಿ ಎತ್ತರ. ಇದಕ್ಕೆ ದೀನತೆಯ ಬಾಗಿಲು ಅಂತ ಹೆಸರು. ಗೋಡೆ ಸರಿಯಾಗಿ ನೋಡಿದರೆ ಮೂರು ಬಾಗಿಲುಗಳ ಗುರುತು ಒಂದರೊಳಗೊಂದು ಇದೆ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಮಹಾದ್ವಾರದ ಮೇಲಿನ ತೊಲೆಕಲ್ಲು, ಅದನ್ನು ಕಿರಿದು ಮಾಡಿ ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರುಸೇಡಿನವರು ಇಟ್ಟ ಚೂಪು ಕಮಾನು, ಅದನ್ನೂ ಮುಚ್ಚಿ ಆಟೋಮನ್ ತುರ್ಕರ ಕಾಲದಲ್ಲಿ ಬಿಟ್ಟ ಈ ಕಿಂಡಿ. ಚಕ್ರವರ್ತಿಯ ಬಾಗಿಲು ಗಿಡ್ಡವಾಗುತ್ತಾ ಗಿಡ್ಡವಾಗುತ್ತಾ ಕುರಿಗಾಹಿಯ ಬಾಗಿಲಾಯಿತು. ಯಾರೂ ಭಕ್ತಿಯಿಂದ ಮಾಡಿದ್ದಲ್ಲ. ಕುದುರೆ, ಗಾಡಿ ಸಮೇತ ಒಳನುಗ್ಗಿ ಲೂಟಿ ಮಾಡುವವರನ್ನು ತಡೆಯಲು ಮಾಡಿದ್ದು. ಹೆಸರು ಆಮೇಲೆ ಅಂಟಿಕೊಂಡಿತು. ನನಗೆ ಇದರಿಂದ ಬೇಸರವೇನೂ ಇಲ್ಲ, ನಮ್ಮ ದೀನತೆಯೂ ಬಹಳ ಸಲ ಹೀಗೆ ಬೇರೆ ಕಾರಣಕ್ಕೇ ಬಂದಿರುತ್ತದೆ.

‘ಅಕ್ಕಾ, ಬಗ್ಗಾಕ ಆಗ್ತದೇನು?’ ಅಂದಳು ವಾರಗಿತ್ತಿ. ‘ಬಗ್ಗೂದು ಆಗ್ತದ, ಏಳೂದು ನೀ ನೋಡ್ಕೊ’ ಅಂದೆ. ಬಾಗಿಲ ಹತ್ತಿರ ಸೆಲ್ಫಿ ಹೊಡೆಯುವವರಿಂದ ಸರದಿ ನಿಂತುಬಿಡುತ್ತದೆ. ಅಲ್ಲಿ ಫೋನ್ ಒಳಗಿಡಿ, ನೆತ್ತಿ ಜಜ್ಜಿಕೊಂಡವರನ್ನು ನಾನೇ ನೋಡಿದ್ದೇನೆ.

ಒಳಗೆ ನಾಲ್ಕು ಸಾಲು ಕೆಂಪು ಕಲ್ಲಿನ ಕಂಬ. ನೆಲದಲ್ಲಿ ಮರದ ಹಲಗೆ ಎತ್ತಿದ ಕಡೆ ಹಳೆಯ ಕಾಲದ ಚಿತ್ತಾರದ ಹಾಸು ಕಾಣುತ್ತದೆ. ಗೈಡ್ ಹೇಳಿದ ಒಂದು ಕಥೆ ಚೆನ್ನಾಗಿತ್ತು: 614ರಲ್ಲಿ ಪರ್ಶಿಯನ್ನರು ಸುತ್ತಲಿನ ಚರ್ಚುಗಳನ್ನೆಲ್ಲ ಕೆಡವುತ್ತಾ ಬಂದು, ಇಲ್ಲಿ ಗೋಡೆಯ ಮೇಲಿನ ಕೂಸು ಯೇಸುವನ್ನು ನೋಡಲು ಬಂದ ಮೂಡಣ ಜೋಯಿಸರ ಚಿತ್ರ ನೋಡಿ, ಇವರು ನಮ್ಮ ಉಡುಪಿನವರು ಅಂತ ಕೈತಡೆದರಂತೆ. ನಿಜವೋ ಐತಿಹ್ಯವೋ, ಕಟ್ಟಡವಂತೂ ಉಳಿದಿದೆ. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಅಪಾಯದ ಪಟ್ಟಿಗೂ ಸೇರಿಸಿತ್ತು. ಮಾಡು ರಿಪೇರಿಯಾದ ಮೇಲೆ 2019ರಲ್ಲಿ ಅಪಾಯದ ಪಟ್ಟಿಯಿಂದ ತೆಗೆದರು.

ಗುಹೆಗೆ ಇನ್ನೂ ಕೆಳಗಿಳಿಯಬೇಕು. ಮೆಟ್ಟಿಲು ಸವೆದು ನುಣುಪಾಗಿವೆ, ಕಂಬಿ ಹಿಡಿಯಿರಿ. ಕೆಳಗೆ ಅಮೃತಶಿಲೆಯ ಹಾಸಿನಲ್ಲಿ 14 ಮೊನೆಗಳ ಬೆಳ್ಳಿ ನಕ್ಷತ್ರ. ಅದನ್ನು ಮುಟ್ಟಬೇಕಾದರೆ ವೇದಿಕೆಯ ಕೆಳಗೆ ಮೊಣಕಾಲೂರಿ, ತಲೆ ಒಳಗೆ ಹಾಕಿ, ಹೆಚ್ಚುಕಡಿಮೆ ತೆವಳಬೇಕು. ರಷ್ಯದ ಮುದುಕಿ, ನೈಜೀರಿಯದ ಬಿಷಪ್ಪು, ನಮ್ಮ ಬಸ್ಸಿನ ಮುಂದಿನ ಸೀಟಿನವರು ಎಲ್ಲರ ಹಿಂಭಾಗವೂ ಅಲ್ಲಿ ಒಂದೇ ತರಹ ಕಾಣುತ್ತದೆ. ಹೀಗೆ ಬರೆದದ್ದಕ್ಕೆ ಯಾರೂ ಸಿಟ್ಟಾಗಬೇಡಿ, ವಾರ್ಡಿನಲ್ಲಿ ದುಡಿದವಳ ಕಣ್ಣು ಇಂಥದನ್ನೇ ನೋಡುವುದು. ಕೂಸಾಗಿ ಹುಟ್ಟುವುದೆಂದರೆ ಸಣ್ಣ ಮಾತಲ್ಲ. ಹೊಕ್ಕುಳಬಳ್ಳಿ, ರಕ್ತ, ಎತ್ತಿದರೆ ಮಾತ್ರ ಏಳುವ ಕತ್ತು. ದೇವರು ಅಷ್ಟು ಇಳಿದ ಅಂತ ಹಾಡಿನಲ್ಲಿ ಹೇಳುತ್ತೇವೆ. ಹೆರಿಗೆ ಕೋಣೆಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಅದು ಎಷ್ಟು ಇಳಿದದ್ದು ಅಂತ ಮೈಗೆ ಗೊತ್ತಾಗುತ್ತದೆ.

ಇಂಥ ಜಾಗದಲ್ಲಿ ಮನುಷ್ಯರು ಹೇಗಿದ್ದಾರೆ ಅಂತಲೂ ಹೇಳಬೇಕು. ಇದು ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಕ್ಯಾಥೊಲಿಕ್ ಮೂವರ ಪಾಲಿನ ಚರ್ಚು. ದೀಪ, ಮೆಟ್ಟಿಲು, ಮೂಲೆ ಎಲ್ಲದಕ್ಕೂ ಪಾಲು. ಆ ಬೆಳ್ಳಿ ನಕ್ಷತ್ರ 1847ರಲ್ಲಿ ಕಳುವಾದದ್ದು ಕ್ರೈಮಿಯಾ ಯುದ್ಧಕ್ಕೆ ದಾರಿಮಾಡಿದ ಜಗಳಗಳಲ್ಲಿ ಒಂದು. 2011ರ ಡಿಸೆಂಬರಿನಲ್ಲಿ ಹಬ್ಬಕ್ಕೆ ಕಸ ಗುಡಿಸುವಾಗ ಯಾರ ಪಾಲಿನ ನೆಲವನ್ನು ಯಾರು ಗುಡಿಸುವುದು ಎಂಬುದಕ್ಕೆ ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಪೊರಕೆ ಹಿಡಿದೇ ಹೊಡೆದಾಡಿ ಪೊಲೀಸರು ಬರಬೇಕಾಯಿತು. ಕಸ ಗುಡಿಸುವುದು ದೀನನ ಕೆಲಸ. ಅದರಲ್ಲೂ ಹಕ್ಕು ಸ್ಥಾಪಿಸಬಹುದು ಅಂತ ಕಂಡುಕೊಂಡವರು ನಮ್ಮವರೇ.

ಅಲ್ಲಿಂದ ಕಂಪನಿಯವರು ಎಣ್ಣೇಮರದ (ಆಲಿವ್ ಮರದ) ಕೆತ್ತನೆಯ ಅಂಗಡಿಗೆ ಕರೆದೊಯ್ದರು. ಕಮಿಷನ್ ಅಂಗಡಿ ಅಂತ ಎಲ್ಲರಿಗೂ ಗೊತ್ತು. ಗುಹೆಯಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷ, ಅಂಗಡಿಯಲ್ಲಿ ಒಂದೂವರೆ ಗಂಟೆ. ಗೋದಲಿಯ ಸೆಟ್ಟು ಚೆನ್ನಾಗಿದ್ದವು, ನಾನೂ ಸಣ್ಣದೊಂದು ತಂದೆ. ಊರಿನ ಕುಶಲಕರ್ಮಿಗಳ ಹೊಟ್ಟೆ ತುಂಬುವುದಾದರೆ ದುಡ್ಡಿನ ಬಗ್ಗೆ ತಕರಾರಿಲ್ಲ. ಆ ವರ್ಷದ ಕ್ರಿಸ್ಮಸ್‌ಗೆ ಯುದ್ಧದಿಂದಾಗಿ ಬೇತ್ಲೆಹೇಮಿನಲ್ಲಿ ಬೀದಿಯ ಸಂಭ್ರಮವನ್ನೇ ರದ್ದು ಮಾಡಿದರು ಅಂತ ಓದಿದಾಗ ಆ ಅಂಗಡಿಯವರೇ ನೆನಪಾದರು. ಹೊತ್ತಿನ ಹಂಚಿಕೆಯ ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ.

ಯೆರೂಸಲೇಮಿನ ದಿನ ಶುರುವಾಗುವುದು ಎಣ್ಣೇಮರಗಳ ಗುಡ್ಡದ ಮೇಲೆ. ಬಸ್ಸು ತುದಿಗೆ ಬಿಟ್ಟು, ಕೆಳಗೆ ಗೆತ್ಸೇಮನೆಯಲ್ಲಿ ಕಾಯುತ್ತದೆ. ವಯಸ್ಸಾದವರು ಹತ್ತುವ ಕಷ್ಟವಿಲ್ಲ. ಹೀಗಾಗಿ ಮೊದಲು ನೋಡುವುದು ಸ್ವರ್ಗಾರೋಹಣದ ಗುಡಿ, ಆಮೇಲೆ ಕತ್ತೆಮರಿಯ ಮೇಲೆ ಯೇಸು ಬಂದ ದಾರಿ, ಆಮೇಲೆ ಸಾವಿನ ಹಿಂದಿನ ರಾತ್ರಿ ಪ್ರಾರ್ಥಿಸುವಾಗ ರಕ್ತದಂಥ ಬೆವರು ಸುರಿದ ಗೆತ್ಸೇಮನೆಯ ತೋಟ. ‘ಸ್ವಾಮಿ ಏರಿಹೋದದ್ದು ಕೊನೆಗಲ್ಲವೇ, ಇವರು ಮೊದಲೇ ಏರಿಸಿಬಿಟ್ಟರಲ್ಲ’ ಅಂತ ಬಸ್ಸಿನಲ್ಲಿ ಗೊಣಗಾಟ. ನನಗೇನೋ ಆ ಕ್ರಮ ಸರಿಯೇ ಅನಿಸಿತು.

ಆ ಗುಡಿ ಬಹಳ ಸಣ್ಣದು, ಎಂಟು ಮೂಲೆಯದು. ಮೊದಲು ಮೇಲೆ ಮುಚ್ಚಿಗೆ ಇರಲಿಲ್ಲವಂತೆ, ಏರಿಹೋದವನ ದಾರಿ ಆಕಾಶಕ್ಕೆ ತೆರೆದೇ ಇತ್ತು. ಸುಲ್ತಾನ ಸಲಾದಿನನು 1187ರಲ್ಲಿ ಯೆರೂಸಲೇಮ್ ಗೆದ್ದ ಮೇಲೆ ಅದು ಮುಸ್ಲಿಮರ ಕೈಗೆ ಬಂದು ಗುಮ್ಮಟ ಕೂತಿತು; ಇವತ್ತಿಗೂ ಅವರ ಆಸ್ತಿ, ಸಣ್ಣ ಟಿಕೆಟ್ ಕೊಟ್ಟು ಒಳಗೆ ಹೋಗಬೇಕು. ಒಳಗಿರುವುದು ಇಷ್ಟೇ: ನೆಲದಲ್ಲಿ ಒಂದು ಕಲ್ಲು, ಅದರ ಮೇಲೆ ಯೇಸು ಸ್ವಾಮಿಯ ಬಲಗಾಲಿನ ಗುರುತು ಅಂತ ಹೇಳುವ ಒಂದು ಹಳ್ಳ. ಕ್ರೈಸ್ತ ನಂಬಿಕೆಯ ಅತಿ ಎತ್ತರದ ಸಂಗತಿಗೆ ಗುರುತಾಗಿ ಇರುವುದು ಒಂದು ಅಂಗಾಲು, ಅದನ್ನು ನೋಡಲು ಎಲ್ಲರೂ ಕತ್ತು ಬಗ್ಗಿಸಿ ನೆಲ ನೋಡುತ್ತಾ ನಿಂತಿದ್ದರು. ಒಬ್ಬರೂ ಮೇಲೆ ನೋಡಲಿಲ್ಲ. ಕಂಪನಿಯ ಮ್ಯಾನೇಜರ್ ಗಡಿಯಾರ ತೋರಿಸಿದ್ದರಿಂದ ಹೊರಟೆವು. ಗುಡ್ಡ ಇಳಿಯುವ ದಾರಿ ಬಲು ಕಡಿದು, ಮಳೆ ಬಿದ್ದರೆ ಜಾರುತ್ತದೆ.

ಕತ್ತೆಯ ಮಾತು ಬಂದದ್ದಕ್ಕೆ ಯಾಫಾ ಬಾಗಿಲಿನ ಬಗ್ಗೆ ಹೇಳಿಬಿಡುತ್ತೇನೆ. ಹಳೆ ಊರಿನ ಕೋಟೆಗೆ ಅಲ್ಲಿ ಬಾಗಿಲಿದೆ, ಬಾಗಿಲ ಪಕ್ಕ ಗೋಡೆಯನ್ನೇ ಒಡೆದು ಮಾಡಿದ ಅಗಲ ದಾರಿಯೂ ಇದೆ. 1898ರಲ್ಲಿ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್ ಲುಥೆರನ್ ದೇವಾಲಯದ ಪ್ರತಿಷ್ಠೆಗೆ ಬಂದಾಗ, ಸವಾರಿ ಇಳಿಯದೆ ಒಳಗೆ ಹೋಗಲಿ ಅಂತ ಕಂದಕ ತುಂಬಿ, ಗೋಡೆ ತೆಗೆದು ಕೊಟ್ಟದ್ದು. 1917ರ ಡಿಸೆಂಬರ್ 11ರಂದು ಊರು ಗೆದ್ದ ಬ್ರಿಟಿಷ್ ಸೇನಾಪತಿ ಅಲೆನ್‌ಬಿ ಮಾತ್ರ ಕುದುರೆ ಇಳಿದು, ಪಕ್ಕದ ಹಳೆಯ ಬಾಗಿಲಿನಿಂದ ನಡೆದೇ ಒಳಗೆ ಹೋದ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದ ಪಡೆಯ ಜೊತೆ ಮುಂದಿನ ವರ್ಷ ಸೆಪ್ಟೆಂಬರ್ 23ಕ್ಕೆ ಹೈಫಾ ಗೆದ್ದದ್ದು ಇವನ ಕೈಕೆಳಗೇ. ಅಲೆನ್‌ಬಿಯದು ಭಕ್ತಿಯೋ, ಕೈಸರನಿಗೆ ಕೊಟ್ಟ ತಿರುಗೇಟೋ? ಎರಡೂ ಇರಬೇಕು. ತಗ್ಗಿ ನಡೆಯುವುದರಿಂದ ಹೆಸರು ಬರುತ್ತದೆ ಅಂತ ರಾಜಕಾರಣಿಗಳಿಗೆ ಗೊತ್ತು, ನಮ್ಮಲ್ಲೂ ಚುನಾವಣೆ ಹೊತ್ತಿಗೆ ನೋಡುತ್ತೇವಲ್ಲ. ಎರವಲು ತಂದ ಕತ್ತೆಮರಿಯ ಮೇಲೆ ಕೂತು ಇದೇ ಊರಿಗೆ ಬಂದವನಿಗೆ ಅದರಿಂದ ಸಿಕ್ಕಿದ್ದು ವಾರದೊಳಗೆ ಶಿಲುಬೆ.

ಚೀಯೋನ್ ಬೆಟ್ಟದ ಮೇಲುಪ್ಪರಿಗೆಯ ಕೋಣೆಯನ್ನು ಕಂಪನಿಯವರು ‘ಫೋಟೋ ಸ್ಟಾಪ್’ ಅಂತ ಬರೆದಿದ್ದರು. ಒಳಗೆ ನೋಡಲು ಏನೂ ಇಲ್ಲ, ನಿಜ. ಮೇಜಿಲ್ಲ, ವೇದಿಕೆಯಿಲ್ಲ. ಕ್ರುಸೇಡಿನ ಕಾಲದ ಕಮಾನು, ಆಟೋಮನ್ ಕಾಲದಲ್ಲಿ ಮಸೀದಿಯಾದಾಗ ಮಾಡಿದ ಗೂಡು, ಅರಬ್ಬಿ ಬರಹ. ಕೆಳಗಿನ ಅಂತಸ್ತಿನಲ್ಲಿ ಯೆಹೂದ್ಯರು ದಾವೀದನ ಗೋರಿ ಅಂತ ಪ್ರಾರ್ಥಿಸುವ ಜಾಗ. ಕರ್ತನ ಭೋಜನ ನಡೆದದ್ದು ಇಲ್ಲಿ ಎಂಬುದು ಪರಂಪರೆ. ಅಂದರೆ ಸ್ವಾಮಿ ಮೇಲಂಗಿ ತೆಗೆದಿಟ್ಟು, ನಡುವಿಗೆ ಕೈಪಾವುಡ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆದದ್ದೂ ಇಲ್ಲೇ.

ಕಾಲು ತೊಳೆಯುವುದು ನನ್ನ ಕಸುಬಾಗಿತ್ತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ವಾರಗಟ್ಟಲೆ ಬಿಚ್ಚದ ಬಟ್ಟೆ, ಆ ವಾಸನೆ. ಪವಿತ್ರ ಗುರುವಾರ ಕೆಲವು ಸಭೆಗಳಲ್ಲಿ ಕಾಲು ತೊಳೆಯುತ್ತಾರೆ; ಮನೆಯಲ್ಲೇ ಸೋಪು ಹಚ್ಚಿ ತಿಕ್ಕಿ ತಂದ ಕಾಲುಗಳು ಅವು. ನಾನು ನೋಡಿದ್ದು ಬೇರೆ. ಡ್ರೆಸ್ಸಿಂಗಿಗೆ ಕೂತರೆ ಹೊಲಸಿಗೆ ನಾವು ಹೇಸಲಿಲ್ಲ, ಕಾಲು ಚಾಚಿದವರೇ ನಾಚಿ ಸಾಯುತ್ತಿದ್ದರು. ಊರ ಗೌಡರು, ಹೆಡ್‌ಮಾಸ್ತರು, ಲಿಂಗ ಕಟ್ಟಿದ ಅಜ್ಜಂದಿರು, ‘ಬ್ಯಾಡ್ರಿ ಸಿಸ್ಟರ್, ನಮ್ಮ ಕಾಲು ಮುಟ್ಟಬ್ಯಾಡ್ರಿ’ ಅಂತ ಹಿಂದೆಳೆದುಕೊಳ್ಳುತ್ತಿದ್ದರು. ಪೇತ್ರನೂ ಅದನ್ನೇ ಅಂದ, ನೀನು ನನ್ನ ಕಾಲನ್ನು ಎಂದಿಗೂ ತೊಳೆಯಕೂಡದು ಅಂತ. ತೊಳೆಯದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲ ಅಂತ ಸ್ವಾಮಿ ಗಟ್ಟಿಯಾಗಿ ಹೇಳಬೇಕಾಯಿತು. ದೇವರು ತಗ್ಗಿದ್ದಾನೆ ಅನ್ನುವುದನ್ನು ಹಾಡಿ ಹೊಗಳುವುದು ಸುಲಭ. ನನ್ನ ಕೊಳಕು ಕಾಲಿನ ಮುಂದೆ ಕೂತಿದ್ದಾನೆ, ನಾನು ಸುಮ್ಮನೆ ಚಾಚಿಕೊಂಡಿರಬೇಕು ಅಂದರೆ ಮೈಯೆಲ್ಲ ಹಿಡಿಯಾಗುತ್ತದೆ. ಗ್ರೂಪ್ ಫೋಟೋ ತೆಗೆದು ಹೊರಡಿಸಿದರು. ಈ ಕೋಣೆಗೆ ಅರ್ಧ ಗಂಟೆ ಕೊಡದ ಕಂಪನಿಗೆ ನಾನು ಒಂದು ನಕ್ಷತ್ರ ಕಡಿಮೆ ಮಾಡಿದ್ದೇನೆ.

ಶಿಲುಬೆಯ ದಾರಿಯಲ್ಲಿ ಹದಿನಾಲ್ಕು ನಿಲ್ದಾಣ. ಒಂಬತ್ತು ಸಂತೆಬೀದಿಯಲ್ಲಿ, ಕೊನೆಯ ಐದು ಪುನರುತ್ಥಾನದ ದೇವಾಲಯದ ಒಳಗೆ, ಅಂದರೆ ಯೇಸುವಿನ ಗೋರಿ ಇರುವ ಚರ್ಚಿನಲ್ಲಿ. ದಾಳಿಂಬೆ ರಸ, ಟೀ ಶರ್ಟು, ಮಸಾಲೆ ರಾಶಿಗಳ ನಡುವೆ ಹಾಡುತ್ತಾ ಹೋಗುವಾಗ ಅಂಗಡಿಯವರು ಯಾರೂ ತಿರುಗಿ ನೋಡುವುದಿಲ್ಲ. ಅಂದೂ ಹೀಗೇ ಇದ್ದಿರಬೇಕು. ಒಂಬತ್ತನೆಯ ನಿಲ್ದಾಣದ ಪಕ್ಕ ಒಂದು ಅಂಗಳ ಇದೆ, ತಪ್ಪಿಸಿಕೊಳ್ಳಬೇಡಿ, ಕಂಪನಿಗಳು ಹೇಳುವುದಿಲ್ಲ. ಇಥಿಯೋಪಿಯದ ಸನ್ಯಾಸಿಗಳು ಮಣ್ಣುಬಣ್ಣದ ಗುಡಿಸಲುಗಳಲ್ಲಿ ಇದ್ದಾರೆ. ನೆಲ ಅಂತ ನಾವು ನಿಂತದ್ದು ನೆಲವಲ್ಲ, ದೇವಾಲಯದ ಮಾಳಿಗೆ. ಕೆಳಗಿನ ಕಟ್ಟಡದ ಹಂಚಿಕೆಯಲ್ಲಿ ಪಾಲು ಕಳೆದುಕೊಂಡು ಮೇಲೆ ಉಳಿದವರು. ಎಲ್ಲರಿಗಿಂತ ಬಡವರು ಎಲ್ಲರಿಗಿಂತ ಎತ್ತರದಲ್ಲಿ.

ದೇವಾಲಯದ ಬಾಗಿಲಿನ ಕೀಲಿ ಇಂದಿಗೂ ಒಂದು ಮುಸ್ಲಿಂ ಮನೆತನದವರ ಕೈಯಲ್ಲಿ, ತೆರೆಯುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನದ್ದು. ಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿಯೊಂದು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇದೆ. ಆರು ಪಂಗಡಗಳ ಒಪ್ಪಿಗೆಯಿಲ್ಲದೆ ಸರಿಸುವಂತಿಲ್ಲ. ನಮ್ಮ ಊರಿನ ಸಭೆಯ ಕಮಿಟಿ ಎಷ್ಟೋ ವಾಸಿ ಅಂದುಕೊಂಡೆ.

ಒಳಗೆ ಹೋದ ಕೂಡಲೇ ಬಲಗಡೆ ಕಡಿದಾದ ಕಲ್ಲಿನ ಮೆಟ್ಟಿಲು. ಅದು ಗೊಲ್ಗೊಥಾ, ಶಿಲುಬೆ ನಿಲ್ಲಿಸಿದ ಜಾಗ. ನಾಲ್ಕೂವರೆ ಮೀಟರಿನಷ್ಟು ಮೇಲೆ. ನನ್ನ ಬಾಯಿಪಾಠದ ಲೆಕ್ಕ ತಪ್ಪಿದ್ದು ಈ ಮೆಟ್ಟಿಲ ಮೇಲೆ. ಶಿಲುಬೆಯೆಂದರೆ ಇಳಿತದ ಕೊನೆ, ಅದಕ್ಕಿಂತ ಕೆಳಗಿಲ್ಲ ಅಂತ ತಿಳಿದವಳು ಉಸಿರು ಹಿಡಿದು ಮೇಲೆ ಹತ್ತುತ್ತಿದ್ದೇನೆ. ಹತ್ತಿದ ಮೇಲೆ ಗ್ರೀಕರ ವೇದಿಕೆಯ ಕೆಳಗೆ ಮೊಣಕಾಲೂರಿ, ಬೆಳ್ಳಿಯ ಬಳೆಯೊಳಗೆ ಕೈ ಇಳಿಬಿಟ್ಟು ಬಂಡೆ ಮುಟ್ಟಬೇಕು. ಅಲ್ಲಿಂದ ಇಳಿದು ಗೋರಿಯ ಮುಂದೆ ಸರದಿ ನಿಂತರೆ, ಪುನರುತ್ಥಾನದ ಜಾಗಕ್ಕೆ ಹೋಗುವ ಬಾಗಿಲು ಮತ್ತೆ ಗಿಡ್ಡ, ಮತ್ತೆ ಬಗ್ಗಬೇಕು. ಸಾವಿಗೆ ಹತ್ತಿ, ಜೀವಕ್ಕೆ ಬಗ್ಗುವುದು. ಯೋಹಾನನ ಸುವಾರ್ತೆ ಓದಿದವರಿಗೆ ಇದು ಹೊಸದಲ್ಲ: ಭೂಮಿಯಿಂದ ಎತ್ತಲ್ಪಡುತ್ತೇನೆ ಅಂತ ಸ್ವಾಮಿ ಅಂದದ್ದು ಸಿಂಹಾಸನಕ್ಕಲ್ಲ, ಎಂಥ ಸಾವು ಸಾಯುವೆನೆಂದು ಸೂಚಿಸಲು ಅಂತ ಸುವಾರ್ತೆಯಲ್ಲೇ ಬರೆದಿದೆ. ಏರಿಸುವುದಕ್ಕೆ ದೇವರು ಮೂರನೆಯ ದಿನದ ತನಕ ಕಾಯಲಿಲ್ಲ. ಮರಕ್ಕೆ ಬಡಿದು ಎತ್ತಿ ನಿಲ್ಲಿಸಿದ್ದೇ ಏರಿಸಿದ್ದು. ಅಯ್ಯನವರು ಶುಭ ಶುಕ್ರವಾರದ ಪ್ರಸಂಗದಲ್ಲಿ ಇದನ್ನು ಹೇಳಿರಲಿಕ್ಕೂ ಸಾಕು, ನನ್ನ ಮೊಣಕಾಲಿಗೆ ಹೇಳಿದ್ದು ಆ ಮೆಟ್ಟಿಲು.

ಗೋರಿಯ ಗುಡಿಯನ್ನು ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದವರು 2016-17ರಲ್ಲಿ ರಿಪೇರಿ ಮಾಡಿದ್ದಾರೆ, ಕಲ್ಲು ಸ್ವಚ್ಛವಾಗಿದೆ, ಹಿಂದೆ ಸುತ್ತುಗಟ್ಟಿದ್ದ ಕಬ್ಬಿಣದ ತೊಲೆಗಳಿಲ್ಲ. ಒಳಗೆ ಒಮ್ಮೆಗೆ ಮೂರು ನಾಲ್ಕು ಜನ. ಬಗ್ಗಿ ಹೋದ ನಾನು ಅಮೃತಶಿಲೆಯ ಹಾಸಿನ ಮುಂದೆ ಮೊಣಕಾಲೂರಿದೆ. ಏಳಲು ಆಗಲಿಲ್ಲ. ವಾರಗಿತ್ತಿ ಹೊರಗೆ ಉಳಿದಿದ್ದಳು, ಹೊರಗಿನಿಂದ ಸನ್ಯಾಸಿಯೊಬ್ಬ ಬೇಗ ಬೇಗ ಅಂತ ಗದರಿಸುತ್ತಿದ್ದ. ಪಕ್ಕದಲ್ಲಿ ಬಿಳಿ ಶಾಲು ಹೊದ್ದ ಆಫ್ರಿಕದ ಹೆಂಗಸು, ನನಗಿಂತ ಹಿರಿಯಳು, ಕಂಕುಳಿಗೆ ಕೈಕೊಟ್ಟು ಎತ್ತಿದಳು. ಬೇಡ ಬೇಡ ಅಂತ ಕೈಯಾಡಿಸಿದೆ. ಅವಳು ಬಿಡಲಿಲ್ಲ. ಜೀವಮಾನವಿಡೀ ಬೇರೆಯವರನ್ನು ಎತ್ತಿ ಕೂರಿಸಿದವಳಿಗೆ ಎತ್ತಿಸಿಕೊಳ್ಳುವುದು ಬರುತ್ತಿರಲಿಲ್ಲ. ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡೆ. ಭಾಷೆ ಬರದ್ದರಿಂದ ಇಬ್ಬರೂ ನಕ್ಕೆವು.

ಇನ್ನು ಊಟ, ವಸತಿ. ಬೇತ್ಲೆಹೇಮಿನ ಹೋಟೆಲ್ ಸ್ವಚ್ಛ, ಬಿಸಿನೀರು ಇತ್ತು. ಬೆಳಗಿನ ತಿಂಡಿಗೆ ಮೊಟ್ಟೆ, ಮೊಸರು, ಸೌತೆಕಾಯಿ, ರೊಟ್ಟಿ, ಹುಮ್ಮುಸ್. ಮಧ್ಯಾಹ್ನದ ಊಟ ಪ್ಯಾಕೇಜಿನಲ್ಲಿ ಇರಲಿಲ್ಲ, ಫಲಾಫೆಲ್ ತಿಂದು ಬದುಕಿದೆವು, ಚೆನ್ನಾಗಿಯೇ ಬದುಕಿದೆವು. ಅನ್ನ ಬೇಕೇ ಬೇಕು ಅನ್ನುವವರು ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಶೇಂಗಾ ಚಟ್ನಿಪುಡಿ ರೊಟ್ಟಿಗೂ ಹೊಂದುತ್ತದೆ, ಗೈಡಿಗೂ ಬಹಳ ಹಿಡಿಸಿತು. ಫೆಬ್ರವರಿಯಲ್ಲಿ ಯೆರೂಸಲೇಮ್ ಕೊರೆಯುವ ಚಳಿ, ಯೆರಿಕೋ ಬೆಚ್ಚಗೆ. ಬಿಚ್ಚಿ ಹಾಕುವಂಥ ಸ್ವೆಟರ್ ಸಾಕು. ಡ್ರೈವರ್ ಮತ್ತು ಗೈಡಿನ ಟಿಪ್ಸ್ ಅಂತ ಡಾಲರು ಪ್ರತ್ಯೇಕ ವಸೂಲಿ ಮಾಡಿದರು, ದುಡ್ಡು ಕಟ್ಟುವಾಗ ಹೇಳಿರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಗೈಡಿಗೆ ಐದೂ. ಹೊತ್ತಿನ ಹಂಚಿಕೆಗೆ ಎರಡೇ. ನಮ್ಮ ವಿದೇಶಾಂಗ ಸಚಿವಾಲಯದ ಎಚ್ಚರಿಕೆ ಏನಿದೆ ಅಂತ ನೋಡಿಕೊಳ್ಳದೆ ಮುಂಗಡ ಕಟ್ಟಬೇಡಿ. ಕಟ್ಟುವ ಮೊದಲು ಕಂಪನಿಗೆ ಮೂರು ಮಾತು ಬರಹದಲ್ಲಿ ಕೇಳಿ: ಯೊರ್ದನಿಗೆ ಯಾವ ಜಾಗ, ಗೋರಿಯ ಸರದಿಗೆ ಎಷ್ಟು ಹೊತ್ತು, ಅಂಗಡಿಗೆ ಎಷ್ಟು ಹೊತ್ತು. ಗೋರಿಯ ಸರದಿಗೆ ಎರಡು ಗಂಟೆಗಿಂತ ಕಡಿಮೆ ಬರೆದವರನ್ನು ಬಿಟ್ಟುಬಿಡಿ. ಮೊಣಕಾಲಿಗೆ ಕ್ಯಾಪ್ ಹಾಕಿಕೊಳ್ಳಿ, ಲೇಸಿಲ್ಲದ, ಹಿಡಿತವಿರುವ ಬೂಟು ತೊಡಿ, ಮಡಚುವ ಕೋಲು ಒಯ್ಯಿರಿ. ವಿಮಾನದಲ್ಲಿ ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿಯಿರಿ, ಹೀಟರ್ ಅಲ್ಲೇ ಚೆನ್ನಾಗಿತ್ತು.